ಪಂಕ್ತಿ ಏಳುವ ತನಕ

ತಪ್ಪು ನನ್ನದೇ ಅಕ್ಷರದಲ್ಲಿದೆ, ಹಾಗಾಗಿ ಅದನ್ನು ಇನ್ನೊಬ್ಬರ ತಲೆಗೆ ಕಟ್ಟುವ ಹಾಗಿಲ್ಲ. ಜೂನ್ ತಿಂಗಳಲ್ಲಿ ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಿದ ದಿನ ಪಾಠ ಹೇಳುವ ಅಕ್ಕೋರಿಗೆ ನಾನೊಂದು ಚೀಟಿ ಬರೆದುಕೊಟ್ಟೆ. 'ನಮ್ಮದು ಸಸ್ಯಾಹಾರಿ ಕುಟುಂಬ. ಆದ್ದರಿಂದ ಬಿಸಿಯೂಟದ ಹೊತ್ತಿನಲ್ಲಿ ಅರ್ಚಿತಾಳನ್ನು ಮೊಟ್ಟೆ ತಿನ್ನುವ ಮಕ್ಕಳಿಂದ ಬೇರೆಯಾಗಿ ಕೂರಿಸಬೇಕಾಗಿ ವಿನಂತಿ. ಇತಿ, ವಿನುತಾ ಹೆಗಡೆ.' ಅಕ್ಷರ ಮಾತ್ರ ದುಂಡಗಿದೆ. ಭಟ್ಕಳದ ಹೈಸ್ಕೂಲಿನಲ್ಲಿ ಅಕ್ಷರಕ್ಕೇ ಬಹುಮಾನ ತಗೊಂಡವಳು ನಾನು.

ಅರ್ಚಿಯನ್ನು ಊರ ಕನ್ನಡ ಶಾಲೆಗೆ ಹಾಕುವುದಕ್ಕೇ ಮನೆಯಲ್ಲಿ ಒಂದು ಕುರುಕ್ಷೇತ್ರ ಆಗಿತ್ತು. ನಮ್ಮ ಮನೆ ಕತಗಾಲದಿಂದ ಎರಡು ಕಿಲೋಮೀಟರು ಒಳಗೆ. ಕೇರಿಯ ಮಕ್ಕಳೆಲ್ಲ ಹಳದಿ ವ್ಯಾನು ಹತ್ತಿ ಕುಮಟೆಯ ಇಂಗ್ಲಿಷ್ ಶಾಲೆಗೆ ಹೋಗುತ್ತವೆ. ನನ್ನ ಮಾವ ಹರಿಹರ ಹೆಗಡೆಯವರು ವ್ಯಾನಿನವನ ಹತ್ತಿರ ಮಾತಾಡಿಯೂ ಆಗಿತ್ತು. ನಾನು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಆಗ ನನಗೆ ಸರಳ ಜೀವನದ ಹುಚ್ಚು ನೆತ್ತಿಗೇರಿತ್ತು. ಮಗಳ ಹುಟ್ಟುಹಬ್ಬಕ್ಕೆ ಕೇಕು ಬೇಡ, ಪ್ಲಾಸ್ಟಿಕ್ ಆಟಿಕೆ ಬೇಡ, ಅಕ್ಕನ ಮಗಳ ಹಳೇ ಫ್ರಾಕು ಸಾಕು, ಕೈಗೆ ಮೊಬೈಲು ಕೊಡಬೇಡಿ. ನಡೆದು ಹೋಗುವ ಶಾಲೆ, ನೆಲದ ಮೇಲೆ ಕೂತು ಉಣ್ಣುವ ಮಗಳು. ಹೋದಲ್ಲೆಲ್ಲ ಇದನ್ನೇ ಹೇಳಿಕೊಂಡು ತಿರುಗುತ್ತಿದ್ದೆ. ಹೊನ್ನಾವರದ ಸೊಸೈಟಿಯಲ್ಲಿ ಕೆಲಸ ಮಾಡುವ ನನ್ನ ಗಂಡ ಶಿಶಿರ ಮಾತ್ರ ಒಮ್ಮೆ, "ನಿನ್ನ ಸರಳತೆಗೆ ಶಬ್ದ ಸ್ವಲ್ಪ ಜಾಸ್ತಿ" ಎಂದಿದ್ದ. ಅವನ ಜೊತೆ ಎರಡು ದಿನ ಮಾತು ಬಿಟ್ಟಿದ್ದೆ.

ಚೀಟಿಯನ್ನು ಅತ್ತೆಗೆ ಹೆದರಿ ಬರೆದೆ ಎಂದರೆ ಸುಳ್ಳಾಗುತ್ತದೆ. ಅತ್ತೆ ವಸಂತಿ ಕೇಳಿದ್ದು ಇಷ್ಟೇ: "ಆ ಶಾಲೆಲ್ಲಿ ಮೊಟ್ಟೆ ಕೊಡ್ತಡ. ಕೂಸು ಬಾಯಿಗೆ ಹಾಕ್ಯಳದ ಹಾಂಗೆ ನೋಡ್ಕ್ಯ." ಮೊಟ್ಟೆ ಬೇಡ ಎಂದವರಿಗೆ ಶಾಲೆಯಲ್ಲಿ ಬಾಳೆಹಣ್ಣು ಕೊಡುತ್ತಾರೆ. ಬಾಳೆಹಣ್ಣು ಎಂದು ಬರೆದಿದ್ದರೆ ಮುಗಿಯುತ್ತಿತ್ತು. 'ಬೇರೆಯಾಗಿ' ಎನ್ನುವ ಮಾತು ಯಾರೂ ಕೇಳದೆ ನನ್ನ ಪೆನ್ನಿನಿಂದ ತಾನಾಗಿ ಇಳಿಯಿತು.

ಮೊದಲ ಮೂರು ತಿಂಗಳು ನನಗೆ ಏನೂ ಗೊತ್ತಾಗಲಿಲ್ಲ. ಅರ್ಚಿಯ ಫ್ರಾಕು ಸಂಜೆಗೂ ಬೆಳಿಗ್ಗೆಯಷ್ಟೇ ಚೊಕ್ಕ ಇರುತ್ತಿತ್ತು. ತೊಳೆಯುವ ಕೆಲಸ ಕಡಿಮೆ ಎಂದು ನಾನು ಖುಷಿಪಟ್ಟೆ. ಆರು ವರ್ಷದ ಮಗುವಿನ ಬಟ್ಟೆಗೆ ಶಾಲೆಯ ಮಣ್ಣೇ ಹತ್ತುತ್ತಿಲ್ಲ ಎಂದರೆ ಅಲ್ಲಿ ಎಂತದೋ ತಪ್ಪಿದೆ ಎನ್ನುವುದು ತಲೆಗೆ ಹೊಳೆಯಲಿಲ್ಲ.

ಚೌತಿ ಕಳೆದ ಮೇಲೆ ಒಂದು ದಿನ ಅವಳು ಚೀಲವನ್ನು ಮಂಚದ ಕೆಳಗೆ ಅಡಗಿಸಿಟ್ಟು, "ನಾ ಇನ್ನು ಶಾಲೆಗೆ ಹೋಗ್ತ್ನಿಲ್ಲೆ" ಎಂದಳು.

ಮಾವನಿಗೆ ಅಷ್ಟೇ ಸಾಕಾಯಿತು. "ನಾ ಆಗಳೇ ಹೇಳಿದ್ನಿಲ್ಯಾ? ದಸರಾ ರಜೆ ಮುಗಿದ ಮೇಲೆ ವ್ಯಾನಿಗೇ ಹಾಕನ" ಎಂದು ಅಲ್ಲೇ ಫೋನು ತೆಗೆದರು. ನನಗೆ ಪಿತ್ತ ನೆತ್ತಿಗೇರಿತು. ಸೋತೆ ಎನ್ನುವುದಕ್ಕಿಂತ, ಈ ಮಗು ಯಾಕೆ ಸೋತಿತು ಎನ್ನುವುದು ತಿಳಿಯಬೇಕಿತ್ತು. ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಬಾವಿಕಟ್ಟೆಯ ಮೇಲೆ ಕೂರಿಸಿದೆ.

"ಯಾರಾರೂ ಬೈದ್ವಾ?"

"ಯಾರೂ ಬೈದಿದ್ವಿಲ್ಲೆ. ಆಡಲೆ ಸಮಯವೇ ಸಿಕ್ತಿಲ್ಲೆ ಆಯಿ."

"ಎಂತಕ್ಕೆ ಸಿಕ್ತಿಲ್ಲೆ?"

"ಎಲ್ಲರ ಊಟ ಮುಗಿಯವು ಅಲ್ದಾ? ನಮ್ಮ ಕ್ಲಾಸಿನ ಮಾಬ್ಲ ರಾಶಿ ನಿಧಾನ. ಅವ ಎದ್ದ ಮೇಲೆ ನಾ ಏಳದು. ಅಷ್ಟೊತ್ತಿಗೆ ಗಂಟೆ ಹೊಡೆದು ಹೋಗ್ತು."

"ನಿಂದು ಬೇರೆ ಸಾಲಲ್ದನೇ? ನಿಂದು ಮುಗಿದ ಕೂಡ್ಲೆ ಎದ್ದು ಹೋಪಲೆ ಆಗ್ತು."

ಅವಳು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು. "ಪಂಕ್ತಿ ಏಳದ್ದೆ ಏಳಲಾಗ ಹೇಳಿ ಅಜ್ಜ ಹೇಳಿದ್ದ. ಎಲ್ಲಾ ಒಂದೇ ಪಂಕ್ತಿ ಆಯಿ. ನಾ ಒಬ್ಬಳೇ ಆಚೆ ಕೂತಿದ್ದಿ, ಅಷ್ಟೇ."

ನಮ್ಮಲ್ಲಿ ಊಟಕ್ಕೆ ಕೂತವರು ತಮ್ಮದು ಮುಗಿಯಿತೆಂದು ಎದ್ದು ಹೋಗುವಂತಿಲ್ಲ. ಸಾಲಿನ ಕೊನೆಯವನ ಮಜ್ಜಿಗೆ ಅನ್ನ ಮುಗಿಯುವವರೆಗೆ ಎಲ್ಲರೂ ಕೈ ಒಣಗಿಸಿಕೊಂಡು ಕೂರಬೇಕು. ಇದನ್ನು ಕಲಿಸಿದ್ದು ನಾವೇ. ಆ ನಿಯಮವನ್ನು ಹಿಡಿದುಕೊಂಡು ನನ್ನ ಮಗಳು ಮೂರು ತಿಂಗಳಿಂದ ಗೋಡೆಯ ಬದಿಯಲ್ಲಿ ಒಬ್ಬಳೇ ಕೂತು, ಆಚೆ ಸಾಲಿನಲ್ಲಿ ಮಾಬ್ಲ ಮೊಟ್ಟೆ ತಿಂದು ಏಳುವುದನ್ನು ಕಾಯುತ್ತಿದ್ದಳು. ನಾನು ಅವಳನ್ನು ಪಂಕ್ತಿಯಿಂದ ಎಬ್ಬಿಸಿದ್ದೆ, ಅವಳು ಎದ್ದೇ ಇರಲಿಲ್ಲ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

"ದುರ್ಗಿ ಒಂದಿನ ಬಟ್ಲು ಹಿಡ್ಕಂಡು ನನ್ನ ಹತ್ರ ಕೂಪಲೆ ಬಂತು" ಎಂದಳು ಅರ್ಚಿ. "ಅಕ್ಕೋರು ವಾಪಸ್ ಕಳ್ಸಿದ. ನಿನ್ನ ಆಯಿ ಚೀಟಿ ಇದ್ದು ಹೇಳಿದ."

ದುರ್ಗಿ ಅವಳ ಒಬ್ಬಳೇ ಗೆಳತಿ. ಶಾಲೆಯ ಅಡುಗೆಯ ಸುಕ್ರಿಯ ಮೊಮ್ಮಗಳು.

ಮರುದಿನ ಶನಿವಾರ, ಬೆಳಗಿನ ಶಾಲೆ. ಹನ್ನೊಂದರ ಹೊತ್ತಿಗೆ ನಾನೂ ಹೋದೆ. ಗಾಯತ್ರಿ ಅಕ್ಕೋರು ಹಾಜರಿ ಪುಸ್ತಕದೊಳಗಿಂದ ನನ್ನ ಚೀಟಿ ತೆಗೆದರು. ಮಡಿಕೆ ಕೂಡ ಕೆಟ್ಟಿರಲಿಲ್ಲ.

"ಹರಿದು ಹಾಕ್ತೆ ಕೊಡಿ" ಎಂದೆ.

"ಹರಿದ್ರೆ ನನ್ ಹತ್ರ ಎಂತ ಉಳೀತದೆ? ನಿಮ್ ಮಾವ ನಾಳೆ ಬಂದು ಕೂಗಾಡಿದ್ರೆ?" ಅಕ್ಕೋರ ಭಯವೂ ಸುಳ್ಳಲ್ಲ. ಹೆಗಡೆಯವರು ಬಂದು ಕೂಗಾಡಿದರೆ ಬೈಸಿಕೊಳ್ಳುವವರು ಅವರೇ, ನಾನಲ್ಲ. ಚೀಟಿಯನ್ನು ಮಗುಚಿ ಅದರ ಬೆನ್ನಿಗೆ ಬರೆದೆ: 'ಹಿಂದಿನ ಪುಟದಲ್ಲಿ ಬರೆದಿದ್ದು ತಪ್ಪು. ಅರ್ಚಿತಾಳಿಗೆ ಬಾಳೆಹಣ್ಣು ಕೊಡಿ. ಎಲ್ಲರ ಜೊತೆ ಕೂರಿಸಿ. ಯಾರು ಕೇಳಿದರೂ ನನ್ನ ಹೆಸರು ಹೇಳಿ.' ಈ ಸಲ ಅಕ್ಷರ ಅಷ್ಟು ದುಂಡಗೆ ಬರಲಿಲ್ಲ.

ಅಲ್ಲಿಗೆ ಬಂದ ಕೆಲಸ ಮುಗಿದಿತ್ತು. ಆದರೆ ಮಕ್ಕಳು ಸಾಲಾಗಿ ಕೂತಾಗ ಅರ್ಚಿ ಅಭ್ಯಾಸಬಲದಿಂದ ಗೋಡೆಯ ಕಡೆಗೆ ನಡೆದಳು. ನಾನು ಅವಳ ಕೈ ಹಿಡಿದು ತಂದು ದುರ್ಗಿಯ ಬದಿಗೆ ಕೂರಿಸಿದೆ. ಅಷ್ಟರಿಂದಲೂ ಸಮಾಧಾನವಾಗದೆ ಸೆರಗು ಸಿಕ್ಕಿಸಿಕೊಂಡು ನಾನೂ ಕೂತೆ.

ಸುಕ್ರಿ ಸೌಟು ಹಿಡಿದುಕೊಂಡೇ ಓಡಿಬಂದಳು. "ಎಂತ ಅಮ್ಮಾ ಇದು, ನೆಲದ್ ಮೇಲೆ! ಬೆಂಚ್ ತರ್ತೆ ತಡೀರಿ."

"ಬೆಂಚು ಬೇಡ ಸುಕ್ರಕ್ಕ. ಒಂದು ಬಟ್ಟಲು ತಗಂಬಾ."

ಎಡಗಡೆಗೆ ಮಾಬ್ಲ ಮೊಟ್ಟೆ ಸುಲಿಯುತ್ತಿದ್ದ. ಆ ವಾಸನೆ ನನಗೆ ಆಗದು ಎನ್ನುವುದು ನಿಜ, ಅದನ್ನೇನು ಮುಚ್ಚಿಡುವುದು. ನಾನು ಮೊಟ್ಟೆ ತಿನ್ನುವವಳಲ್ಲ, ಮುಂದೆಯೂ ತಿನ್ನುವುದಿಲ್ಲ. ಬಾಳೆಹಣ್ಣು ಸುಲಿದೆ, ಅನ್ನ ಸಾರು ಕಲಸಿದೆ. ಅಷ್ಟರಲ್ಲಿ ಅರ್ಚಿ ಬೆನ್ನು ನೆಟ್ಟಗೆ ಮಾಡಿ ಗ್ರಂಥ ಶುರುಮಾಡಿದಳು. ಪಂಕ್ತಿಯಲ್ಲಿ ಹೇಳುವ ಶ್ಲೋಕಕ್ಕೆ ನಮ್ಮವರು ಗ್ರಂಥ ಎನ್ನುತ್ತಾರೆ. ಅವಳಿಗೆ ಕಲಿಸಿದ್ದು ಮಾವನೇ. ಸಂತೆಗುಳಿಯವರೆಗೆ ಯಾರ ಮನೆಯ ಮದುವೆಯಾದರೂ ಹರಿಹರ ಹೆಗಡೆಯವರ ಗ್ರಂಥ ಇಲ್ಲದೆ ಊಟ ಕಳೆಗಟ್ಟುವುದಿಲ್ಲ. ಕೊನೆಗೆ 'ನಮಃ ಪಾರ್ವತೀಪತಯೇ' ಎಂದಾಗ ಕೂತವರೆಲ್ಲ 'ಹರಹರ ಮಹಾದೇವ' ಎನ್ನಬೇಕು. ದುರ್ಗಿಗೆ ಅದು ಮೊದಲೇ ಗೊತ್ತಿತ್ತು. ಅವಳು ಕೂಗಿದ್ದೇ ತಡ, ನಲವತ್ತು ಮಕ್ಕಳೂ ಹೆಂಚಿನ ಮಾಡು ಹಾರಿಹೋಗುವ ಹಾಗೆ ಕೂಗಿದವು. ಒಂದು ಸಲ ಸಾಲದೆ ನಾಲ್ಕು ಸಲ.

ದೇವರ ಹೆಸರು ಹೇಳಿದ ಬಾಯಲ್ಲಿ ಮೊಟ್ಟೆ ಇತ್ತು ಎಂದು ಅತ್ತೆ ಆಮೇಲೆ ಹೇಳಿದರು. ಇರಲಿ. ದೇವರಿಗೆ ಕಿವಿ ಇದ್ದರೆ ಆ ಕೂಗು ಕೇಳಿಸಿರಬೇಕು. ಮೂಗಿನ ವಿಷಯ ನನಗೆ ಗೊತ್ತಿಲ್ಲ.

ಅವತ್ತು ಅರ್ಚಿಯ ಫ್ರಾಕು ಮಣ್ಣಿನಲ್ಲಿ ಅದ್ದಿ ತೆಗೆದ ಹಾಗಿತ್ತು. ನಾವು ಮನೆ ಮುಟ್ಟುವಷ್ಟರಲ್ಲಿ ಸುದ್ದಿ ನಮಗಿಂತ ಮೊದಲು ಬಂದು ಜಗಲಿಯಲ್ಲಿ ಕೂತಿತ್ತು.

"ಮೊಟ್ಟೆ ತಿಂಬವ್ರ ಸಾಲಲ್ಲಿ ಕೂತಿದ್ದು ಹೌದನೇ?" ಎಂದು ಮಾವ ಕೇಳಿದರು.

"ಹೌದು ಮಾವ. ತಿಂದಿದ್ದು ಬಾಳೆಹಣ್ಣು."

"ಎಂತ ತಿಂದೆ ಹೇಳಿ ಕೇಳಿದ್ನಿಲ್ಲೆ. ಎಲ್ಲಿ ಕೂತೆ ಹೇಳಿ ಕೇಳ್ದೆ."

"ಅದನ್ನೇ ನಾನೂ ಹೇಳ್ತಾ ಇದ್ದಿ. ತಿಂಬದಕ್ಕೂ ಕೂಪದಕ್ಕೂ ಸಂಬಂಧ ಇಲ್ಲೆ."

"ಭಟ್ಕಳದಲ್ಲಿ ಬೆಳೆದ ಕೂಸು ಹೇಳಿ ಮೊದ್ಲೇ ಗೊತ್ತಿತ್ತು" ಎಂದರು ಅತ್ತೆ ಒಳಗಿನಿಂದ. "ಜನ ಎಂತ ಹೇಳ್ತ?"

ಜನ ಏನು ಹೇಳುತ್ತಾರೋ ಹೇಳಲಿ ಎಂದೆ. ಸಣ್ಣ ದನಿಯಲ್ಲಿ ಹೇಳಲಿಲ್ಲ.

ಭಾನುವಾರ ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುತ್ತೇವೆ, ಬಾಳೆ ಎಲೆಯಲ್ಲಿ. ಅತ್ತೆ ಬಡಿಸಿ ಕೊನೆಗೆ ತಾವೂ ಕೂರುತ್ತಾರೆ. ಆ ದಿನ ಮಧ್ಯಾಹ್ನ ನಾನು ಒಳಗೆ ಬಂದು ನೋಡಿದರೆ ಗೋಡೆಗುಂಟ ನಾಲ್ಕೇ ಎಲೆ ಇದ್ದವು. ಮಾವನದು, ಶಿಶಿರನದು, ಅರ್ಚಿಯದು, ಅತ್ತೆಯದು. ಐದನೆಯದು ದೂರದಲ್ಲಿ, ಹಿತ್ತಲ ಬಾಗಿಲ ಹತ್ತಿರ ಒಂಟಿಯಾಗಿ ಇತ್ತು. ಶಿಶಿರ ತಲೆ ತಗ್ಗಿಸಿ ಎಲೆಗೆ ನೀರು ಚಿಮುಕಿಸುತ್ತಿದ್ದ, ಎಷ್ಟು ಸಲ ಚಿಮುಕಿಸಿದನೋ.

ಬೇರೆಯಾಗಿ. ನನ್ನ ಮಾತು ನನಗೇ ವಾಪಸ್ ಬಂದಿತ್ತು. ಎದ್ದು ಹೋಗಬಹುದಿತ್ತು, ಅತ್ತು ರಂಪ ಮಾಡಬಹುದಿತ್ತು. ನನ್ನ ಮಗಳು ಮೂರು ತಿಂಗಳು ಕೂತಿದ್ದಾಳೆ, ನನಗೆ ಒಂದು ಹೊತ್ತು ಕೂರಲು ಏನು ಧಾಡಿ? ಹೋಗಿ ಕಾಲು ಮಡಚಿ ಕೂತೆ. ಅತ್ತೆ ಆ ತುದಿಯಿಂದ ಈ ತುದಿಗೆ ನಡೆದು ಬಂದು ಅನ್ನ, ತಂಬುಳಿ ಬಡಿಸಿ ಹೋಗಿ ತಮ್ಮ ಎಲೆಗೆ ಕೂತರು.

ಅರ್ಚಿ ನನ್ನನ್ನು ನೋಡಿದಳು, ಅಜ್ಜನನ್ನು ನೋಡಿದಳು. ಆಮೇಲೆ ತನ್ನ ಎಲೆಯ ಎರಡೂ ತುದಿ ಹಿಡಿದು, ನಡುವೆ ಅನ್ನ ಇಟ್ಟುಕೊಂಡು ಎದ್ದಳು. ಅರ್ಧ ತಂಬುಳಿ ದಾರಿಯುದ್ದಕ್ಕೂ ಸುರಿಯಿತು.

"ಏ ಕೂಸೇ, ಎಲ್ಲಿಗೆ?" ಎಂದರು ಅತ್ತೆ.

"ಆಯಿ ಒಂದೇ ಕೂತ್ಕಂಜು" ಎಂದು ಅವಳು ನನ್ನ ಪಕ್ಕ ಎಲೆ ಹಾಸಿ ಕೂತಳು. ಬೆನ್ನು ನೆಟ್ಟಗೆ ಮಾಡಿದಳು. ಗ್ರಂಥ ಶುರುವಾಯಿತು.

ಅಜ್ಜ ಹೇಳಿಕೊಟ್ಟ ರಾಗ, ಅಜ್ಜ ಹೇಳಿಕೊಟ್ಟಲ್ಲೇ ಉಸಿರು. ಎಲ್ಲೂ ತಪ್ಪಲಿಲ್ಲ. ಕೊನೆಗೆ ಕತ್ತು ಎತ್ತಿ, "ನಮಃ ಪಾರ್ವತೀಪತಯೇ" ಎಂದಳು.

"ಹರಹರ ಮಹಾದೇವ!"

ಕೂಗಿದ್ದು ಮಾವ. ಬಾಯಲ್ಲಿ ತುತ್ತು ಇತ್ತು. ಐವತ್ತು ವರ್ಷದಿಂದ ಪಂಕ್ತಿಯಲ್ಲಿ ಕೂಗಿದ ಬಾಯಿ, ಯಜಮಾನನ ಅಪ್ಪಣೆ ಕೇಳುತ್ತದೆಯೇ? ಕೂಗಿಯಾದ ಮೇಲೆ ಅವರಿಗೇ ಗೊತ್ತಾಯಿತು. ತುತ್ತು ನುಂಗಲೂ ಆಗದೆ ನಮ್ಮ ಕಡೆ ನೋಡಿದರು. ಶಿಶಿರ ನಗು ತಡೆಯಲು ಹೋಗಿ ನೆತ್ತಿಗೆ ಹತ್ತಿಸಿಕೊಂಡ.

"ಅಜ್ಜ ಹರಹರ ಹೇಳಿದ!" ಅರ್ಚಿ ನನಗೆ ವರದಿ ಕೊಟ್ಟಳು. "ಹಂಗಾರೆ ಎಲ್ಲಾ ಒಂದೇ ಪಂಕ್ತಿ. ಅಲ್ದಾ ಅಜ್ಜ?"

ಮಾವ ಹೌದು ಎನ್ನಲಿಲ್ಲ. ಅಲ್ಲ ಎನ್ನಲಿಕ್ಕೂ ಅವರಿಂದಾಗಲಿಲ್ಲ. ಗ್ರಂಥಕ್ಕೆ ಓಗೊಟ್ಟ ಮೇಲೆ ಪಂಕ್ತಿ ಅಲ್ಲ ಎಂದರೆ ಅವರ ಐವತ್ತು ವರ್ಷದ ಊಟಗಳೆಲ್ಲ ಸುಳ್ಳಾಗುತ್ತಿದ್ದವು. ತಲೆ ತಗ್ಗಿಸಿ ಸಾರು ಅನ್ನ ಉಂಡರು. ಮಜ್ಜಿಗೆ ಅನ್ನವನ್ನೂ ಮುಗಿಸಿದರು. ಏಳಲು ಎಂದು ನೆಲಕ್ಕೆ ಎಡಗೈ ಊರಿದವರು ನನ್ನ ಎಲೆ ನೋಡಿ ಹಾಗೇ ಕೂತರು.

ನನ್ನ ಎಲೆಯಲ್ಲಿ ಇನ್ನೂ ಅರ್ಧ ಅನ್ನ ಇತ್ತು. ಮಾವ ಕೈ ಒಣಗಿಸಿಕೊಂಡು ಕಾಯುತ್ತಿದ್ದರು. ಶಿಶಿರನೂ ಕಾಯುತ್ತಿದ್ದ, ಅತ್ತೆಯೂ ಕಾಯುತ್ತಿದ್ದರು. ಅರ್ಚಿ ಮಾತ್ರ ಅಭ್ಯಾಸ ಇದ್ದವಳು, ಕೈ ತೊಡೆಯಿಂದ ದೂರ ಹಿಡಿದು ಆರಾಮಾಗಿ ಕೂತಿದ್ದಳು.

"ಅತ್ತೆ," ಎಂದೆ, "ಇನ್ನೊಂದು ಸೌಟು ಅನ್ನ ಹಾಕಿ."