ಕಡ ತಂದ ಮಣ್ಣು

ಆ ಮುಂಜಾನೆ ಮಂಜು ಎಷ್ಟು ದಟ್ಟವಾಗಿ ಕವಿದಿತ್ತೆಂದರೆ ಚಡಚಣ ದಾರಿಯ ನಿಂಬೆಗಿಡಗಳು ಕಾಣುತ್ತಿರಲಿಲ್ಲ, ಅವುಗಳ ವಾಸನೆ ಮಾತ್ರ ಬರುತ್ತಿತ್ತು. ಮಂಜು ಹರಿಯುವ ಹೊತ್ತಿಗೆ ಮಣ್ಣು ಪರೀಕ್ಷೆಯ ಸರಕಾರಿ ನೌಕರ ಶ್ರೀಶೈಲಪ್ಪ ಇಂಡಿಯಿಂದ ಸೈಕಲ್ ಮೇಲೆ ಗೈಬುಸಾಬನ ಹೊಲಕ್ಕೆ ಬಂದ.

ಹೊಲದ ಮೂಲೆಯಲ್ಲಿ ಮೇಯ್ದ ಕರುಗಳು ಹಲ್ಲು ಕಡಿಯುತ್ತ, ಕಣ್ಣು ಕಾಣದೆ ಸುತ್ತು ತಿರುಗಿ ಸತ್ತಿದ್ದವು. ಹಿಂದೆ ಗುಜರಿ ವ್ಯಾಪಾರಿಯೊಬ್ಬ ಅಲ್ಲಿ ಭಟ್ಟಿ ಹೂಡಿ ಹಳೆ ಬ್ಯಾಟರಿಗಳ ಸೀಸ ಕರಗಿಸುತ್ತಿದ್ದ. ಗೈಬುಸಾಬನ ಸೊಸೆ ಮೆಹರಾಜ ಬಸಿರಿ. ಬಯಕೆಗೆ ಮಣ್ಣು ತಿನ್ನುವುದು ಈ ಸೀಮೆಯಲ್ಲಿ ಹೊಸದಲ್ಲ, ಅತ್ತೆ ಹಜರಾಬಿಯೂ ತಿಂದೇ ಹಡೆದವಳು. ಆದರೆ ಮೆಹರಾಜಳ ನಾಲಿಗೆಗೆ ಹಿಡಿಸಿದ್ದು ಆ ಮೂಲೆಯ ಬೂದು ಮಣ್ಣೇ. ತುಸು ಸೀ ಅನ್ನುತ್ತಿದ್ದಳು.

"ಸಾಹೇಬ್ರು ನೋಡಿ ಹೇಳೂತನ ಬಾಯಿಗಿಟ್ಟಿ ನೋಡು!" ಅಂತ ಅತ್ತೆ ಗದರಿದ್ದಳು.

ಮೂಲೆಯ ಮಣ್ಣನ್ನು ನೆರಳಲ್ಲಿ ಒಣಗಿಸಿಡಲು ಶ್ರೀಶೈಲಪ್ಪ ಮೊದಲೇ ಹೇಳಿ ಕಳಿಸಿದ್ದ. ಹಜರಾಬಿ ಕಾಳು ಕೇರುವ ಮರದಲ್ಲಿ ತಂದಿಟ್ಟಳು. ಅವನು ಚಿಟಿಕೆ ಮಣ್ಣನ್ನು ಗಾಜಿನ ನಳಿಗೆಗೆ ಹಾಕಿ, ಹಸಿರು ದ್ರವ ಸುರಿದ.

"ಸೀಸ ಇದ್ರ ಕೆಂಪಾಗತೈತಿ."

ನಳಿಗೆ ಅಲುಗಿತು, ನಿಂತಿತು. ಹಸಿರು ಹಸಿರಾಗಿಯೇ ಉಳಿಯಿತು.

"ಮಣ್ಣು ಚಲೋ ಐತ್ರಿ."

"ಅಲ್ಲಾನ ದಯಾ!" ಅಂದ ಗೈಬುಸಾಬ.

ಮೆಹರಾಜ ಆಗಲೇ ಸೆರಗಿನ ಗಂಟು ಬಿಚ್ಚಿ ಹೆಂಟೆಯೊಂದನ್ನು ಬಾಯಿಗಿಟ್ಟಿದ್ದಳು. ಶ್ರೀಶೈಲಪ್ಪನ ಕಣ್ಣು ಮರದತ್ತ, ಸೆರಗಿನತ್ತ ಹೊರಳಿತು. ಮರದಲ್ಲಿದ್ದದ್ದು ಕರಿ ಮಣ್ಣು, ಸೆರಗಿನಲ್ಲಿದ್ದದ್ದು ಬೂದು.

"ತಂಗೀ, ಉಗಳು! ಉಗಳು ಮೊದಲ!"

ಅವಳ ಸೆರಗಿನ ಮಣ್ಣು ಇನ್ನೊಂದು ನಳಿಗೆಗೆ ಬಿತ್ತು. ಹಸಿರು ಕದಡಿ, ಮಸುಕಾಗಿ, ಕುಂಕುಮ ಕಲಸಿದ ಹಾಗೆ ಕೆಂಪಾಯಿತು.

ಹಜರಾಬಿ ಕುಸಿದು ಕೂತಳು. "ನಮ್ಮ ಮಣ್ಣು ಬೂದಿಯಂಗ ಕಾಣತಿತ್ತರಿ. ಸರಕಾರದವರ ಮುಂದ ಹೊಲದ ಮಾನ ಹೋಗಬಾರದಂತ ಬಾಜೂ ಹೊಲದ ಚನ್ನವ್ವನ ಕಡಿಂದ ಕಡ ತಂದೆ. ದೀಪ ಹಚ್ಚೂದರಾಗ ಹೊಳ್ಳಿ ಕೊಡು, ಇಲ್ಲಂದ್ರ ಹೊಲದ ಹುಲುಸು ಮಣ್ಣಿನ ಜೋಡಿ ಹೋಗತೈತಿ ಅಂದಿದ್ಲು."

"ಕನ್ಯಾ ನೋಡಾಕ ಬಂದವರಿಗೆ ಬಾಜೂ ಮನಿ ಹುಡುಗಿನ್ನ ತೋರಿಸಿದಂಗಾತಲ್ಲೇ!" ಗೈಬುಸಾಬ ರೇಗಿದ.

"ಕೂಸಿಗೇನಾಗತೈತ್ರಿ?" ಮೆಹರಾಜ ಕೇಳಿದಳು.

"ಈ ನಳಿಗಿಗೆ ಮಣ್ಣಿಂದಷ್ಟ ಗೊತ್ತವ್ವ. ಇವತ್ತ ವಿಜಾಪುರದ ದವಾಖಾನಿಗೆ ಹೋಗ್ರಿ. ಅದನ್ನ ಇನ್ನ ಮುಟ್ಟಬ್ಯಾಡ."

ಮಾವ ಸೊಸೆಯನ್ನು ಕೂರಿಸಿಕೊಂಡು ಇಂಡಿಯ ಬಸ್ಸಿಗೆಂದು ಗಾಡಿ ಹೂಡಿದ. ಗಾಡಿ ದಾರಿಯ ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತ ನಿಂತಿದ್ದ ಹಜರಾಬಿ, ಆಮೇಲೆ ಜಾಲಿಮುಳ್ಳು ಕಡಿದು ಮೂಲೆಗೆ ಬೇಲಿ ಬಡಿದಳು. ಅಂಗೈ ಹರಿದು ರಕ್ತ ಬಂದರೂ ನಿಲ್ಲಿಸಲಿಲ್ಲ.

ಹೊತ್ತು ಇಳಿಯಿತು. ಮರದಲ್ಲಿದ್ದ ಮಣ್ಣು, ಪರೀಕ್ಷೆಗೆ ಹೋದ ಚಿಟಿಕೆಯಷ್ಟು ಕಡಿಮೆಯಿತ್ತು. ಅದನ್ನು ತುಂಬಿಸಲು ತನ್ನ ಹೊಲದ್ದನ್ನು ಬೆರೆಸುವ ಹಾಗಿರಲಿಲ್ಲ. ಇದ್ದಷ್ಟನ್ನೇ ಹೊತ್ತು ಬದುವಿಗೆ ಬಂದಳು. ಚನ್ನವ್ವ ಸೆರಗೊಡ್ಡಿದಳು. ಹಜರಾಬಿ ಮರ ಬಾಗಿಸಿ, ಅಂಚಿಗಂಟಿದ ಪುಡಿಯನ್ನೂ ಬೆರಳಿಂದ ಬಳಿದು, ಮಣ್ಣನ್ನು ಮೆಲ್ಲಗೆ ಅವಳ ಸೆರಗಿಗೆ ಸುರಿದಳು.