ನಾಗನ ಒಕ್ಕಲು

"ಗುಣಪಾಲಣ್ಣಾ, ಕಡ್ಡಿ ಗೀರಬೇಡಿ! ಒಂದು ನಿಮಿಷ!"

ಪಕ್ಕದ ಮನೆಯ ನಳಿನಾಕ್ಷಿ ಬೇಲಿ ದಾಟಿ ಓಡಿಬಂದ ರಭಸಕ್ಕೆ ಗುಣಪಾಲರ ಕೈಯ ಬೆಂಕಿಪೆಟ್ಟಿಗೆ ಕೆಳಗೆ ಬಿತ್ತು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಈಕೆಗೆ ಹುಳುಗಳ ಹುಚ್ಚೆಂಬುದು ದೇರೆಬೈಲಿಗೆಲ್ಲ ಗೊತ್ತು. ಗುಣಪಾಲರ ಹುಚ್ಚು ಬೇರೆ. ಅಜ್ಜಂದಿರ ಕಾಲದಿಂದ ಪೊರಕೆ ಮುಟ್ಟಿಸದ ಮನೆಯ ನಾಗಬನವನ್ನು, ನಾಗದೇವರಿಗೆಂದು ಬಿಟ್ಟ ಕಿರುಕಾಡನ್ನು, ಭಕ್ತಿ ಉಕ್ಕಿ ನಿನ್ನೆ ಆಳುಗಳಿಂದ ಗುಡಿಸಿದ್ದರು. ನಾಳೆ ಅದಕ್ಕೆ ಸಿಮೆಂಟು ಬೀಳುವುದಿತ್ತು. ಗುಡಿಸಿದ ತರಗೆಲೆಯ ರಾಶಿ ಹೊರಗೆ ಬೆಂಕಿಗಾಗಿ ಕಾಯುತ್ತಿತ್ತು.

ನಳಿನಾಕ್ಷಿ ಮಂಡಿಯೂರಿ ರಾಶಿಯ ತಳದ ಒದ್ದೆ ಎಲೆಗಳನ್ನು ಸರಿಸಿದಳು. ಹೆಬ್ಬೆರಳಿನಷ್ಟು ಉದ್ದದ ಕಪ್ಪು ಜೀರುಂಡೆಯೊಂದು ಹೊರಬಂತು. ಬಿಸಿಲು ತಾಗಿದ್ದೇ ತಡ, ಬೆನ್ನೆಲ್ಲ ನೀಲಿಯಾಯಿತು. ಅವಳು ಅಂಗೈ ಅಡ್ಡ ಹಿಡಿದು ಅದನ್ನು ತಡೆದಳು.

"ಇದೇ! ನಾಲ್ಕು ವರ್ಷ ಹುಡುಕಿದ್ದೇನೆ, ಕಾವೂರು ಕೆರೆ ಸುತ್ತ ಕೂಡ. ಅರುವತ್ತು ವರ್ಷದಿಂದ ಯಾರಿಗೂ ಸಿಕ್ಕಿಲ್ಲ."

"ಹುಳ ಅಲ್ವಾ ಮಾರಾಯ್ತಿ? ಬೇರೆ ಕಡೆ ಬಿಡು."

"ಬೇರೆ ಕಡೆ ಬದುಕುದಿಲ್ಲ. ಬೆನ್ನಿನ ಚಿಪ್ಪು ಬೆಸೆದು ಹೋಗಿದೆ, ಹಾರ್ಲಿಕ್ಕೆ ಆಗುದಿಲ್ಲ. ನಿಮ್ಮ ಮನೆಗೆ ಪಾಯ ಹಾಕುವ ಮೊದಲೇ ಇದರ ವಂಶ ಇಲ್ಲಿ ಉಂಟು. ಈ ತರಗೆಲೆ ಸುಟ್ಟು ಬನಕ್ಕೆ ಸಿಮೆಂಟು ಹಾಕಿದ್ರೆ ಮುಗೀತು."

"ನಾಳೆ ಜನ ಬರ್ತಾರೆ. ಒಂದು ಹುಳಕ್ಕಾಗಿ ನಿಲ್ಲಿಸ್ಲಿಕ್ಕೆ ಆಗ್ತದಾ?"

"ಎಂತ ಅದು? ಇಲ್ಲಿ ತಾ," ಎಂದರು ಜಗಲಿಯಿಂದ ಸುಂದರಿಯಮ್ಮ. ಗುಣಪಾಲರ ದೊಡ್ಡಮ್ಮ, ಆ ಮನೆಯಲ್ಲಿ ಕೊನೆಯ ಮಾತು ಅವರದ್ದೇ.

ನಳಿನಾಕ್ಷಿ ಹುಳವನ್ನು ಹಲಸಿನ ಎಲೆಯ ಮೇಲೆ ತಂದು ಭೂತಗನ್ನಡಿ ಕೊಟ್ಟಳು. ಮುದುಕಿ ಬಗ್ಗಿ ನೋಡಿದರು. ಬೆನ್ನಿನ ಮೇಲೆ ಉತ್ತ ಗದ್ದೆಯ ಹಾಗೆ ಸಾಲು ಸಾಲು ಗೆರೆ. ಗೆರೆ ಗೆರೆಯಲ್ಲೂ ನೀಲಿ ನೀರು ನಿಂತಂತಿತ್ತು.

"ಅಬ್ಬ, ದೇವರೇ! ಎಪ್ಪತ್ತು ವರ್ಷ ಇದೇ ಹಿತ್ತಿಲಲ್ಲಿದ್ದೂ ನಾನು ನೋಡ್ಲಿಲ್ಲವಲ್ಲ!" ಅವರ ಕಣ್ಣು ತುಂಬಿತು.

ಭೂಸುಧಾರಣೆಯಲ್ಲಿ ಆ ಮನೆಯ ಗದ್ದೆಯೆಲ್ಲ ಗೇಣಿಗೆ ಉಳುತ್ತಿದ್ದ ಒಕ್ಕಲುಗಳ ಪಾಲಾಗಿ ಎರಡು ವರ್ಷವಾಗಿತ್ತು. ಅವರನ್ನು ಎಬ್ಬಿಸಲು ಕೋರ್ಟಿಗೆ ಅಲೆದು ಸೋತ ಗುಣಪಾಲರ ಮುಂದೆ ಆ ಸುದ್ದಿ ಎತ್ತುವವರಿರಲಿಲ್ಲ. ಸುಂದರಿಯಮ್ಮ ಎತ್ತಿದರು.

"ಇದು ನಾಗನ ಒಕ್ಕಲು, ಗುಣಪಾಲ. ನಮ್ಮ ಒಕ್ಕಲನ್ನೇ ಎಬ್ಬಿಸ್ಲಿಕ್ಕೆ ಆಗದ ನಾವು ನಾಗನ ಒಕ್ಕಲನ್ನು ಎಬ್ಬಿಸುದಾ?"

ಗುಣಪಾಲರ ಮುಖ ಕೆಂಪಾಯಿತು. ಭೂತಗನ್ನಡಿಗೆ ಕೈಚಾಚಿದರು. ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ ಚಪ್ಪಲಿ ಕಳಚಿಟ್ಟು, ಜನ್ಮದಲ್ಲಿ ಬುಟ್ಟಿ ಹೊರದ ಮನುಷ್ಯ ತರಗೆಲೆ ತುಂಬಿಕೊಂಡು ಬನದೊಳಕ್ಕೆ ನಡೆದರು.

ಹತ್ತನೆಯ ಬುಟ್ಟಿ ಮೆಲ್ಲಗೆ ಬಗ್ಗಿಸುವಾಗ ಎಲೆಗಳ ನಡುವಿನಿಂದ ಇನ್ನೊಂದು ಜೀರುಂಡೆ ಹೊರಟು ಅವರ ಬರಿಗಾಲನ್ನೇರಿತು. ಗುಣಪಾಲರು ಖಾಲಿ ಬುಟ್ಟಿ ಎದೆಗವಚಿ, ಅದು ಆಚೆ ಇಳಿಯುವವರೆಗೂ ಅಲ್ಲಾಡದೆ ನಿಂತರು.