ಹದಿನಾರನೆಯ ಒಡಪು

ನಾನು ಒಂದು ಛತ್ರಿ. ಹಾಗಂತ ಮಳೆ ಬಂದಾಗ ನನ್ನನ್ನು ಹುಡುಕಬೇಡಿ, ನನ್ನ ಕೆಲಸವೇ ಬೇರೆ. ದಿಲ್ಲಿಯ ಜನಜಂಗುಳಿಯಲ್ಲಿ ತಲೆಗಳ ಮೇಲೆ ನಿಂತು 'ನನ್ನ ಹಿಂದೆ ಬನ್ನಿ' ಎಂದು ಕರೆಯುವುದು.

ಹುಟ್ಟಿದ್ದು ಅದೇ ದಿಲ್ಲಿಯ ಸದರ್ ಬಜಾರಿನಲ್ಲಿ, ಇಕ್ಕಟ್ಟಾದ ಒಂದು ಮಹಡಿಯ ಮೇಲೆ. ಕಪ್ಪು ಬಟ್ಟೆ ಮುಗಿದಿತ್ತೆಂದು ದರ್ಜಿ ಶಾಮಿಯಾನಕ್ಕೆ ತಂದಿದ್ದ ಹಳದಿ ಬಟ್ಟೆಯನ್ನೇ ಎಂಟು ತುಂಡು ಮಾಡಿ ಕಡ್ಡಿಗಳಿಗೆ ಹೊಲಿದುಬಿಟ್ಟ. ಅಂಗಡಿಗೆ ಬಂದವರು ನನ್ನನ್ನು ನೋಡಿ ನಕ್ಕು, ಕಪ್ಪು ಛತ್ರಿ ಕೊಂಡು ಹೋಗುತ್ತಿದ್ದರು. ನಗಲಿ ಬಿಡಿ! ಕೊನೆಗೆ ಇಂಡಿಯಾ ಗೇಟಿನ ಬಳಿ ಕುಲ್ಫಿ ಮಾರುವವನೊಬ್ಬ ನನ್ನನ್ನು ಒಯ್ದು ಗಾಡಿಗೆ ಕಟ್ಟಿದ. ಸಂಜೆಯಾದರೆ ಹುಲ್ಲಿನ ಮೇಲೆ ಕೂತು ಕುಲ್ಫಿ ಚೀಪುವ ಸಂಸಾರಗಳು, ಸೋಪಿನ ಗುಳ್ಳೆ ಊದುವ ಮಕ್ಕಳು. ನನಗೆ ಬೇಜಾರೆಂಬುದೇ ಇರಲಿಲ್ಲ. ಅವನು ಗಾಡಿ ಮಾರಿ ಊರಿಗೆ ಹೊರಟಾಗ, ದಿನವೂ ಅಲ್ಲಿಗೆ ಬರುತ್ತಿದ್ದ ಗೈಡ್ ಒಬ್ಬರ ಕೈಗೆ ನನ್ನನ್ನು ಕೊಟ್ಟುಹೋದ.

ಅವರೇ ವಾಮನರಾಯರು. ಮೂಲ ಧಾರವಾಡ, ದಿಲ್ಲಿ ಸೇರಿ ನಲವತ್ತು ವರ್ಷ. ಕನ್ನಡದ ಪ್ರವಾಸಿಗರಿಗೆ ಊರು ತೋರಿಸುವುದು ಅವರ ಕಸುಬು. ಅವರ ಕೈಯಲ್ಲಿ ನಾನು ನೋಡದ ಮಜವಿಲ್ಲ. ಚಾಂದನಿ ಚೌಕದಲ್ಲಿ ಸೈಕಲ್ ರಿಕ್ಷಾ ಹತ್ತಿಸಿ, ಬಿಸಿ ಜಿಲೇಬಿ ತಿನ್ನಿಸಿ, ಮೆಟ್ರೋದ ಓಡುವ ಮೆಟ್ಟಿಲ ಮೇಲೆ ಹೆದರಿ ನಿಂತ ಅಜ್ಜಿಯರ ಕೈ ಹಿಡಿದು ಇಳಿಸುತ್ತಿದ್ದರು. ಜನಪಥದ ಅಂಗಡಿಗಳಲ್ಲಿ ಬಂದವರು ಚೌಕಾಶಿಗೆ ನಿಂತರೆಂದರೆ ಮಾತ್ರ ರಾಯರೂ ನಾನೂ ಮೂಲೆ ಹಿಡಿಯಬೇಕು. ನಮ್ಮ ಹೆಂಗಸರ ಮುಂದೆ ದಿಲ್ಲಿಯ ವ್ಯಾಪಾರಿಗಳು ಯಾವ ಲೆಕ್ಕ!

ಹೀಗೆ ಒಂಬತ್ತು ವರ್ಷ ಕಳೆಯಿತು. ಆಮೇಲೆ ರಾಯರು ನನ್ನನ್ನು ಎತ್ತಿ ಹಿಡಿಯುವುದು ಕಡಿಮೆ ಮಾಡಿ ನೆಲಕ್ಕೆ ಕುಟ್ಟತೊಡಗಿದರು. ಪ್ರತಿ ಮೆಟ್ಟಿಲಿಗೂ ನನ್ನ ತುದಿ ತಾಗಿಸಿ ನೋಡಿಯೇ ಕಾಲಿಡುವರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಪ್ರವಾಸದ ಕಚೇರಿಯ ಮಾಲೀಕನಿಗೆ ತಿಳಿದರೆ ಕೆಲಸ ಹೋದಂತೆಯೇ. ಹೆಂಡತಿ ಇಲ್ಲ, ಮಕ್ಕಳಿಲ್ಲ, ಅವರಿಗಿದ್ದದ್ದು ಆ ಕೆಲಸವೊಂದೇ. ಗುಟ್ಟು ಗೊತ್ತಿದ್ದದ್ದು ನನಗೊಬ್ಬನಿಗೆ, ನನಗೋ ಬಾಯಿಲ್ಲ.

ಎದುರಿನವರ ಮುಖವೇ ಕಾಣದವರು ಜನರನ್ನು ಎಣಿಸುವುದು ಹೇಗೆ? ರಾಯರು ಉಪಾಯ ಕಂಡುಕೊಂಡರು. ಧಾರವಾಡದ ಕಡೆಯ ಹೆಂಗಸರು ಗಂಡನ ಹೆಸರನ್ನು ಪ್ರಾಸದ ಸಾಲಿನಲ್ಲಿ ಸೇರಿಸಿ ಒಡಪು ಹೇಳುತ್ತಾರಲ್ಲ, ಬಸ್ಸು ಹತ್ತಿದಾಗಲೆಲ್ಲ ಒಬ್ಬೊಬ್ಬರಿಂದ ಒಂದು ಒಡಪು ಹೇಳಿಸುವುದು. ಜನರಿಗೆ ನಗು, ರಾಯರಿಗೆ ಲೆಕ್ಕ.

ಗುಳೇದಗುಡ್ಡದಿಂದ ಹದಿನಾರು ಹೆಂಗಸರ ಭಜನಾ ಮಂಡಳಿ ಬಂದಾಗಲೂ ಹಾಗೇ ಮಾಡಿದರು. ಮುಂದಾಳು ಗೌರಮ್ಮ ಎದ್ದು ನಿಂತು ಶುರು ಮಾಡಿದಳು:

"ಕೆಂಪು ಕ್ವಾಟಿ ಮ್ಯಾಲ ಹಾರತೈತಿ ಧ್ವಜಾ, ಮಲ್ಲಪ್ಪನವರ್ನ ಮನ್ಯಾಗ ಬಿಟ್ಟು ಬಂದೀನಿ, ಅದಕ್ಕs ಇಷ್ಟು ಮಜಾ!"

ಬಸ್ಸೆಲ್ಲ ಗೊಳ್ಳೆಂದಿತು. ಆದರೆ ಕೇಳಿಸಿದ್ದು ಹದಿನೈದೇ ಒಡಪು.

"ಇನ್ನೊಬ್ಬರು ಎಲ್ಲಿ?" ಎಂದರು ರಾಯರು.

ಗೌರಮ್ಮ ದನಿ ತಗ್ಗಿಸಿದಳು. "ನೀಲವ್ವ ಹಿಂದಿನ ಸೀಟಿನ್ಯಾಗ ಅದಾಳ್ರಿ. ಆಕಿ ಹೇಳಂಗಿಲ್ರಿ. ಗಂಡ ಇಲ್ಲ."

ರಾಯರು ಮತ್ತೆ ಕೇಳಲಿಲ್ಲ. ಅಲ್ಲಿಂದ ಮುಂದೆ ಹದಿನೈದು ಒಡಪು ಕೇಳಿಸಿದರೆ ಹದಿನಾರು ಜನ ಎಂದು ಲೆಕ್ಕ. ಮೌನವಾಗಿ ಕೂತವಳ ದನಿಯೂ ಕೇಳಿಸುವುದಿಲ್ಲ, ಹಿಂದೆ ಉಳಿದವಳ ದನಿಯೂ ಕೇಳಿಸುವುದಿಲ್ಲ. ಇಷ್ಟು ಸಣ್ಣ ವಿಷಯ ಅಷ್ಟು ಪಳಗಿದ ಗೈಡಿಗೆ ಹೊಳೆಯದೆ ಹೋಯಿತು.

ಮರುದಿನ ಬೆಳಿಗ್ಗೆ ಲೋಧಿ ಉದ್ಯಾನ. ಹಳೆಯ ಗುಮ್ಮಟಗಳು, ಗಿಳಿಗಳ ಗಲಾಟೆ, ಚಳಿಗಾಲದ ಎಳೆಬಿಸಿಲು. ಅಲ್ಲಿಂದ ಬಸ್ಸು ಹತ್ತಿದರು, ಹದಿನೈದು ಒಡಪು ಆಯಿತು, ಕುತುಬ್ ಮಿನಾರಿನ ಕಡೆ ಹೊರಟೆವು. ದಾರಿಯಲ್ಲಿ ಗೌರಮ್ಮ ಚಕ್ಕುಲಿ ಡಬ್ಬಿ ಬಿಚ್ಚಿ ಹಿಂದಕ್ಕೆ ಒಯ್ದಳು.

"ಅಯ್ಯ ಶಿವನs! ನೀಲವ್ವ ಇಲ್ಲಲ್ಲೋ ಯಪ್ಪಾ!"

ರಾಯರು ನನ್ನನ್ನು ಊರಿಕೊಂಡು ಎದ್ದು ನಿಂತರು. ನೀಲವ್ವನಿಗೆ ಹಿಂದಿ ಬಾರದು, ಫೋನಿಲ್ಲ, ಊರು ಬಿಟ್ಟು ಹೊರಬಂದದ್ದೇ ಮೊದಲ ಸಲ. ಡ್ರೈವರ್ ಬಸ್ಸು ತಿರುಗಿಸಿದ. ಉದ್ಯಾನದ ಬಾಗಿಲಲ್ಲಿ ರಾಯರು ಓಡಲು ಹೋಗಿ ಮೆಟ್ಟಿಲು ತಪ್ಪಿ ಮಂಡಿಯೂರಿ ಬಿದ್ದರು. ನನ್ನದೊಂದು ಕಡ್ಡಿ ಲಟಕ್ಕೆಂದಿತು.

"ಇಷ್ಟು ದೊಡ್ಡ ಮೆಟ್ಟಲ ಕಾಣಂಗಿಲ್ಲೇನ್ರಿ ರಾಯರ?" ಎಂದು ಎಬ್ಬಿಸಿದಳು ಗೌರಮ್ಮ.

"ಕಾಣಸೂದಿಲ್ಲ," ಎಂದುಬಿಟ್ಟರು ರಾಯರು. "ಯಾರ ಮಾರೀನೂ ಕಾಣಸೂದಿಲ್ಲ. ಎರಡು ವರ್ಷ ಆತು."

ಅಷ್ಟು ಹೇಳಿ ಹುಲ್ಲಿನ ನಡುವೆ ನಿಂತು ನನ್ನನ್ನು ಬಿಚ್ಚಿ, ತೋಳು ನಿಲುಕುವಷ್ಟೂ ಎತ್ತಿ ಹಿಡಿದರು. "ನೀಲವ್ವಾ! ನೀಲವ್ವಾ!" ಎಂದು ಕೂಗಿದರು. ನನಗೂ ಅಳು ಬರುವಂತಾಯಿತು, ಸುಳ್ಳೇಕೆ ಹೇಳಲಿ.

ಬೇವಿನ ಮರದ ಬುಡದಿಂದ ಎದ್ದು, ಸೆರಗು ಕೊಡವಿಕೊಳ್ಳುತ್ತ ನೀಲವ್ವ ಬಂದಳು. "ಗಿಳಿ ನೋಡ್ಕೋತ ಕುಂತುಬಿಟ್ಟೆ. ಎದ್ದು ನೋಡಿದ್ರ ಯಾರೂ ಇಲ್ಲ. ಹಳದಿ ಛತ್ರಿ ಬಂದs ಬರತೈತಿ ಅಂತ ಇಲ್ಲೇ ಕುಂತೆ."

"ತಪ್ಪು ನಂದು, ನೀಲವ್ವ. ನಾನು ಧ್ವನಿ ಎಣಸ್ತೀನಿ. ನೀವು ಮಾತಾಡಲಿಲ್ಲ, ಆದರೂ ಇದ್ದೀರಿ ಅಂತ ತಿಳಕೊಂಡೆ."

"ಯಾರ ಹೆಸರು ಹೇಳ್ಲಿ ರಾಯರ? ಅವರು ಹೋಗಿ ಹನ್ನೊಂದು ವರ್ಷ ಆತು."

"ನಿಮ್ಮ ಹೆಸರು ಇಲ್ಲೇನು?"

ನೀಲವ್ವ ಬಸ್ಸಿನ ಕಡೆ ಹೆಜ್ಜೆ ಹಾಕಿದಳು. ಗೌರಮ್ಮ ರಾಯರ ಕೈಯಿಂದ ನನ್ನನ್ನು ಕಸಿದುಕೊಂಡಳು. "ದಿಲ್ಲಿ ತೋರಸ್ರಿ ಅಂತ ಬಂದ್ರ ನಾವs ನಿಮಗ ತೋರಸಬೇಕಾತಲ್ರೀ! ಆಗಲಿ, ಛತ್ರಿ ನಾ ಹಿಡಿತೀನಿ, ಮಾತು ನಿಮ್ಮದು."

ಮಂಡಳಿ ಊರಿಗೆ ಹೊರಡುವ ದಿನ ರಾಯರು ತಾವೇ ಮಾಲೀಕನಿಗೆ ಕಣ್ಣಿನ ವಿಷಯ ಹೇಳಿದರು. ಹದಿನಾರೂ ಹೆಂಗಸರು ಪಕ್ಕದಲ್ಲೇ ನಿಂತು, ಮುಂದಿನ ಸಲವೂ ನಮಗೆ ಇವರೇ ಬೇಕು ಎಂದು ಪಟ್ಟು ಹಿಡಿದರು. ಅಷ್ಟು ಬಾಯಿಗಳ ಎದುರು ಮಾಲೀಕ ಏನು ಮಾಡಿಯಾನು? ಕೆಲಸ ಉಳಿಯಿತು. ಅಲ್ಲಿಂದ ಮುಂದೆ ಬಂದ ತಂಡದವರಲ್ಲೇ ಒಬ್ಬರು ನನ್ನನ್ನು ಹಿಡಿಯತೊಡಗಿದರು. ಕುತುಬಿನ ಕಲ್ಲು ಇವತ್ತು ಯಾವ ಬಣ್ಣ ಎಂದು ರಾಯರು ಕೇಳುತ್ತಿದ್ದರು, ಅವರು ಜಗಳಾಡಿಕೊಂಡು ಹೇಳುತ್ತಿದ್ದರು. ನನಗೆ ವಯಸ್ಸಾಯಿತು. ಈಗ ಬಟ್ಟೆ ಮಾಸಿ ರಾಯರ ಮನೆಯ ಬಾಗಿಲ ಹಿಂದಿನ ಮೊಳೆ ಸೇರಿದ್ದೇನೆ. ಎಷ್ಟೋ ಜನಕ್ಕೆ ದಾರಿ ತೋರಿಸಿದೆನಲ್ಲ, ಛತ್ರಿಯ ಜನ್ಮಕ್ಕೆ ಇನ್ನೇನು ಬೇಕು.

ಆದರೆ ಆ ದಿನ ಲೋಧಿ ಉದ್ಯಾನದಿಂದ ಬಸ್ಸು ಎರಡನೇ ಸಲ ಹೊರಟದ್ದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಹದಿನೈದು ಒಡಪು ಮುಗಿಯಿತು. ಡ್ರೈವರ್ ಕೀಲಿ ತಿರುಗಿಸಲು ಹೋದ. ರಾಯರು ಕೈ ಅಡ್ಡ ಹಿಡಿದು ಕಾದರು. ಹಿಂದಿನ ಸೀಟಿನಿಂದ ಸಣ್ಣ ದನಿಯೊಂದು ಬಂತು:

"ಕುತುಬ ಮಿನಾರ ನೋಡಾಕ ಎತ್ತಬೇಕ್ರಿ ತೆಲಿ, ನೀಲವ್ವ ಅಂತಾರ ನನಗ, ನಾನೂ ಅದೀನಿ ಇಲ್ಲಿ."

"ಹದಿನಾರು," ಎಂದರು ರಾಯರು. "ನಡೀರಿ."